ಕೋಳಿ ಯಾರನ್ನು ಕೂಗಿತು

ಪೊಲೀಸ್ ಆಕ್ಷನ್ ಆದ ಒಂದೆರಡು ವರ್ಷಕ್ಕೆ ನನ್ನನ್ನು ಉದಗೀರದ ಅರಿವೆ ವ್ಯಾಪಾರಿಗಳ ಮನೆಗೆ ಕೊಟ್ಟರು. ನನ್ನ ತವರು ಔರಾದ ಶಹಾಜನಿ ಹತ್ತಿರದ ಹಳ್ಳಿ. ಅಲ್ಲಿ ಹೊಲದಲ್ಲೂ ಅಡುಗೆಮನೆಯಲ್ಲೂ ಕನ್ನಡವೇ. ಗಂಡನ ಮನೆಯಲ್ಲಿ ಎಲ್ಲವೂ ಮರಾಠಿ. ಅತ್ತೆಗೆ ಕನ್ನಡ ತಿಳಿಯುತ್ತಿತ್ತು, ಆದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೋದ ಹೊಸತರಲ್ಲಿ ಒಂದು ನಸುಕಿನಲ್ಲಿ ಹಿಂದಿನ ಓಣಿಯ ಕೋಳಿ ಕೂಗಿತು. ಸೊಸೆ ಬೇಗ ಎದ್ದಿದ್ದಾಳೆಂದು ಅತ್ತೆಗೆ ಗೊತ್ತಾಗಲಿ ಎಂದು, ಕೋಳಿ ಕೂಗುತ್ತಿದೆ ಎಂಬುದನ್ನು ಮನಸ್ಸಿನಲ್ಲೇ ಮರಾಠಿ ಮಾಡಿ, "ಕೋಂಬಡಾ ಹಾಕ ಮಾರತೋ" ಎಂದೆ. ಹಾಕ ಮಾರುವುದೆಂದರೆ ಮನುಷ್ಯರು ಮನುಷ್ಯರನ್ನು ಕರೆಯುವುದು.

"ಕುಣಾಲಾ ಗ? ತುಲಾ?" ಯಾರನ್ನೇ, ನಿನ್ನನ್ನೇ? ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ನೀರಿಗೆ ಹೋದರೆ, ಇವತ್ತು ಕೋಳಿ ನಿನ್ನನ್ನು ಕರೆಯಿತೋ ಇಲ್ಲವೋ ಎಂದು ಹೆಂಗಸರು ಕೇಳುವರು.

ನಾದಿನಿ ನನಗೆ ಪಾಠ ಹೇಳಿದಳು. ಕೋಳಿಯದು ಆರವಣೇ, ಪಾರಿವಾಳದ್ದು ಘುಮಣೇ, ಗುಬ್ಬಿಯದು ಚಿವಚಿವಣೇ. ಅದಲುಬದಲಾದರೆ ಮತ್ತೆ ನಗೆ. ನಮ್ಮಲ್ಲಿ ಕೋಳಿಯೂ ಕೂಗುತ್ತಿತ್ತು, ಅವ್ವನೂ ಕೂಗುತ್ತಿದ್ದಳು. ಒಂದೇ ಮಾತಿನಲ್ಲಿ ಸಂಸಾರ ಸಾಗಿತ್ತು. ಹಕ್ಕಿಗಳಿಗೇ ಇಲ್ಲದ ಬಿಂಕ ಇವರಿಗೇಕೆ ಎಂದು ಮೈಯೆಲ್ಲ ಉರಿಯಿತು. ಆದರೂ ಬಾಯಿಪಾಠ ಮಾಡಿದೆ. ತಪ್ಪಿಲ್ಲದೆ ಆಡಿದರೆ ಯಾರಾದರೂ ಪಕ್ಕದಲ್ಲಿ ಕೂತು ಮಾತಾಡಿಯಾರು ಎಂಬ ಆಸೆ.

ನಗೆ ನಿಂತಿತು. ಮಾತಾಡಲು ಮಾತ್ರ ಯಾರೂ ಬರಲಿಲ್ಲ. ಗಂಡ ಅಂಗಡಿಯಿಂದ ಬಂದವರೇ ಉಂಡು ಮಲಗುವರು. ಇಷ್ಟು ಜನರಿರುವ ಮನೆಯಲ್ಲಿ ಇಷ್ಟು ಒಂಟಿಯಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ. ಅವ್ವನ ಹತ್ತಿರ ಹೋದಾಗ ಬಾಯಿ ತುಂಬ ಆಡಬೇಕೆಂದು ಎಲ್ಲವನ್ನೂ ಒಳಗೇ ಕೂಡಿಟ್ಟೆ.

ಮೊದಲ ಪಂಚಮಿಗೆ ತವರಿಗೆ ಕಳಿಸಲಿಲ್ಲ. ಎರಡನೆಯದಕ್ಕೆ ಕಳಿಸಿದರು. ಮರುದಿನ ಎದ್ದವಳೇ ಒಲೆಯ ಮುಂದಿದ್ದ ಅವ್ವನಿಗೆ, "ಕೋಳಿ ಆರವ್ತು, ನನ್ನ ಯಾಕ ಎಬ್ಬಸಲಿಲ್ಲವ್ವಾ?" ಎಂದೆ.

"ಏನಂದಿ?"

ತಿದ್ದಿಕೊಳ್ಳಲು ಹೋದೆ. ಮತ್ತೆ ಅದೇ ಬಂತು. ಕೂಗಿತು ಎಂಬ ನಮ್ಮ ಮಾತು ನಾಲಿಗೆಗೆ ಸಿಗಲೇ ಇಲ್ಲ.

ಅವ್ವ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವಳಿಗೆ ಬರುತ್ತಿದ್ದುದು ಸಂತೆಯ ಮರಾಠಿ, ಗುರುತಿಲ್ಲದ ಹೆಂಗಸರನ್ನು ಮರ್ಯಾದೆಯಿಂದ ಮಾತಾಡಿಸುವಷ್ಟು. ಮಗಳಿಗೆ ಸುಲಭವಾಗಲಿ ಎಂದು ಅದನ್ನೇ ತೆಗೆದಳು. ಚಹಾದ ಕಪ್ಪು-ಬಶಿ ಮುಂದಿಟ್ಟು, ಸೆರಗು ಸರಿಮಾಡಿಕೊಂಡು, "ಬಸಾ ಬಾಯಿ, ಚಹಾ ಘ್ಯಾ" ಎಂದಳು. ಕೂಡ್ರಿ, ಚಹಾ ತಗೊಳ್ರಿ ಅಂತ, ಹೆತ್ತ ಮಗಳಿಗೆ.