ಹನ್ನೆರಡನೇ ಹಾಡಿನ ಉಳಿದ ಭಾಗ

ಅಥವಾ ಕರೆಂಟು ಹೋದದ್ದು ಹಾಡು ಇಳಿದು ಮುಗಿಯುವ ಮೊದಲೇ ಇರಬಹುದು. ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಿದ್ದುದು ನನಗೆ ನೆನಪಿದೆ. ಆದರೆ ಆ ಸದ್ದು ಆ ಸೈಬರ್ ಕೆಫೆಯಲ್ಲಿ ವಾರಕ್ಕೆ ಎರಡು ಸಲವಾದರೂ ಕೇಳುತ್ತಿತ್ತು. ಬೇರೆ ಯಾವುದೋ ಶನಿವಾರದ ಸದ್ದನ್ನು ತಂದು ಈ ಶನಿವಾರಕ್ಕೆ ಅಂಟಿಸಿಕೊಂಡಿದ್ದೇನೆಂಬ ಅನುಮಾನ ಇದ್ದೇ ಇದೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಡೌನ್‌ಲೋಡ್ ಮುಗಿಯಿತು ಎಂದು ಪರದೆಯ ಮೇಲೆ ಬಂತು, ಹನ್ನೆರಡನೇ ಹಾಡು ಎರಡೂವರೆ ನಿಮಿಷಕ್ಕೆ ಒಂದು ಪದದ ಮಧ್ಯದಲ್ಲೇ ನಿಂತಿತು, ಇದೇನು ಹೀಗೆ ಎಂದು ಗೆಳತಿ ಕೇಳಿದಾಗ ನಾನು, "ಅದು ಹಾಗೇ ಮುಗಿಯೋದು ಕಣೇ" ಎಂದೆ.

ಬರೆದ ಕೂಡಲೇ ಅದೂ ಅಲುಗಾಡುತ್ತದೆ. "ಹಾಗೇ ಮುಗಿಯುತ್ತೆ ಅನ್ಸುತ್ತೆ" ಎಂದಿದ್ದರೂ ಎಂದಿರಬಹುದು. ನಾನು ಅಂದು ತಪ್ಪು ತಿಳಿದಿದ್ದೆನೋ ಅಥವಾ ಸುಳ್ಳು ಹೇಳಿದೆನೋ ಎಂಬುದನ್ನು ಇಷ್ಟು ವರ್ಷವಾದರೂ ತೀರ್ಮಾನಿಸಲು ಆಗಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಾವಿಬ್ಬರೂ ವಿಜಯನಗರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆವು. ನಾನು ಬಸವೇಶ್ವರನಗರದಿಂದ ಹೋಗುತ್ತಿದ್ದೆ, ಅವಳು ಕೆಂಗೇರಿ ಉಪನಗರದಿಂದ ಬರುತ್ತಿದ್ದಳು. ಗಣಿತ ಸಂಘದ ಗೋಡೆಪತ್ರಿಕೆಗೆ ಆವರ್ತ ದಶಮಾಂಶಗಳ ಬಗ್ಗೆ, ಅಂದರೆ ಎಷ್ಟು ಭಾಗಿಸಿದರೂ ಮುಗಿಯದೆ ಅದೇ ಅಂಕಿಗಳು ಸುತ್ತಿ ಸುತ್ತಿ ಬರುವ ಲೆಕ್ಕಗಳ ಬಗ್ಗೆ, ನಾವು ಒಂದು ಪುಟ ಬರೆದುಕೊಡಬೇಕಿತ್ತು. ಮಾರೇನಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು ಒಂದನ್ನು ಏಳರಿಂದ ಭಾಗಿಸುವುದರ ಬಗ್ಗೆ ಹುಡುಕುತ್ತಿದ್ದಾಗ ಬೂದು ಬಣ್ಣದ ಒಂದು ಪುಟ ತೆರೆದುಕೊಂಡಿತು. ಅದರ ಫೋಟೋದಲ್ಲಿ ದಪ್ಪ ಕನ್ನಡಕದ ಒಬ್ಬ ಮನುಷ್ಯ ಬಟ್ಟೆ ಬೀರುವಿನೊಳಗೆ, ನೇತಾಡುವ ಕೋಟುಗಳ ನಡುವೆ, ಮೈಕು ಹಿಡಿದು ಕೂತಿದ್ದ. ಅಮೆರಿಕದ ಯಾವುದೋ ಸಣ್ಣ ಊರಿನ ಲೈಬ್ರರಿಯಲ್ಲಿ ಅವನಿಗೆ ಕೆಲಸ. ಮನೆಗೆ ಬಂದು ಬೀರುವಿನಲ್ಲಿ ಕೂತು ರ‍್ಯಾಪ್ ಮಾಡುತ್ತಾನೆ; ಕೋಟುಗಳಿದ್ದರೆ ದನಿ ಮಾರ್ದನಿಸುವುದಿಲ್ಲವಂತೆ. ಹನ್ನೆರಡು ಹಾಡುಗಳ ಆಲ್ಬಮ್ಮನ್ನು ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಮಾಡಿ, ಬೇಕಾದವರು ತೆಗೆದುಕೊಳ್ಳಿ ಎಂದು ಅಲ್ಲಿ ಇಟ್ಟಿದ್ದ.

ಅಲ್ಲಿಯವರೆಗೆ ನಮಗೆ ಗೊತ್ತಿದ್ದ ರ‍್ಯಾಪ್ ಎಂದರೆ ಕಾರು, ಸರ, ಹುಡುಗಿಯರು. ಈ ಮನುಷ್ಯನ ಜಂಬವೆಲ್ಲ ತನ್ನ ಕ್ಯಾಲ್ಕುಲೇಟರಿನ ಬಗ್ಗೆ. ಕಂಪ್ಯೂಟರಿನ ಎದುರು ಚೆಸ್ಸಿನಲ್ಲಿ ಸೋತದ್ದಕ್ಕೆ ಒಂದು ಹಾಡು, ತಪ್ಪು ಕಪಾಟಿನಲ್ಲಿ ಇಟ್ಟ ಪುಸ್ತಕದ ಒಂಟಿತನದ ಬಗ್ಗೆ ಒಂದು, ಸೂತ್ರಗಳಲ್ಲೇ ಬರೆದ ಪ್ರೇಮಪತ್ರ ಒಂದು. ಕೊನೆಯದು, ಹನ್ನೆರಡನೆಯದು, ನಾವು ಹುಡುಕುತ್ತಿದ್ದ ಲೆಕ್ಕ: ಕಪ್ಪುಹಲಗೆಯ ಮುಂದೆ ನಿಂತ ಹುಡುಗನೊಬ್ಬ ಒಂದನ್ನು ಏಳರಿಂದ ಭಾಗಿಸುತ್ತಾನೆ. ಹಾಡಿನ ಹೆಸರು ಕಂಡದ್ದೇ ಅದನ್ನು ಇಳಿಸಿಕೊಳ್ಳಲು ಕೈ ಹೋಯಿತು. ಗೆಳತಿ ಮೌಸ್ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡಳು.

"ಆಲ್ಬಮ್ ಅಂದ್ರೆ ಪುಸ್ತಕ ಇದ್ದಂಗೆ. ಕೊನೇ ಪುಟ ಮೊದ್ಲು ಓದ್ತೀಯಾ?"

"ಓದ್ತೀನಿ."

"ಅದಕ್ಕೇ ನಿಂಗೆ ಯಾವ ಪುಸ್ತಕಾನೂ ಅರ್ಥ ಆಗಲ್ಲ."

ಹಾಗಾಗಿ ಒಂದರಿಂದ ಶುರು. ಒಂದು ಹಾಡು ಇಳಿಯಲು ಇಪ್ಪತ್ತು ನಿಮಿಷ, ಮಧ್ಯೆ ಲೈನು ಕಡಿದರೆ ಮತ್ತೆ ಮೊದಲಿನಿಂದ. ಶನಿವಾರಕ್ಕೆ ಒಂದೇ ಹಾಡು ಎಂದು ಅವಳು ಕಟ್ಟುಮಾಡಿದಳು. ಕೆಫೆಯ ಯಜಮಾನರು ಅದಕ್ಕೆ ಮೊದಲು ಅದೇ ಜಾಗದಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದವರು. ಗಾಜಿನ ಗೂಡು ಇನ್ನೂ ಹಾಗೇ ಇತ್ತು, ಅದರೊಳಗೇ ನಮ್ಮ ಕಂಪ್ಯೂಟರು. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ಮೂರನೇ ವಾರ ಅವರು ಹೆಡ್‌ಫೋನಿಗೆ ಕಿವಿ ಕೊಟ್ಟು ಕೇಳಿ, "ಏನಮ್ಮಾ ಇದು, ಹಾಡ್ತಾವ್ನಾ ಬೈತಾವ್ನಾ?" ಎಂದರು.

"ಲೆಕ್ಕ ಹೇಳ್ತಾ ಇದಾನೆ ಅಣ್ಣ."

"ಇಷ್ಟು ಸಿಟ್ಟಾಗಾ?"

ಆ ದಿನಗಳ ಸಂತೋಷವನ್ನು ಹೇಗೆ ಬರೆಯುವುದೋ ತಿಳಿಯದು. ಬರೆದರೆ ಉಬ್ಬಿಸಿದ ಹಾಗಾಗುತ್ತದೆ. ಒಂದು ಹಾಡನ್ನು ಒಂದು ವಾರ ಕೇಳಿದೆವು ಎಂದರೆ, ಕಾಲೇಜು ಬಿಟ್ಟ ಮೇಲೆ ಕೆಫೆಗೆ ಹೋಗಿ ನಿಜವಾಗಿಯೂ ಅದೊಂದನ್ನೇ ಕೇಳಿದೆವು. ಸಾಲುಗಳನ್ನು ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆವು. ಅರ್ಥವಾಗದ ಪದಗಳಿಗೆ ಕಾಲೇಜಿನ ಲೈಬ್ರರಿಯಲ್ಲಿ ಡಿಕ್ಷನರಿ ತೆಗೆದೆವು. ತೆಗೆದ ಡಿಕ್ಷನರಿಯನ್ನು ಸರಿಯಾದ ಕಪಾಟಿನಲ್ಲೇ ಇಟ್ಟೆವು, ಆ ಒಂಟಿ ಪುಸ್ತಕದ ಹಾಡು ಕೇಳಿದ ಮೇಲಂತೂ ತಪ್ಪದೆ. ಇಂಥದ್ದು ಇನ್ನೂ ಇರಬಹುದೆಂದು ರಾಜಾಜಿನಗರದ ಒಂದು ಕ್ಯಾಸೆಟ್ ಅಂಗಡಿಗೆ ಹೋಗಿ ಕೇಳಿದೆವು.

"ಯಾವ್ ಪಿಚ್ಚರ್ದು?" ಎಂದರು ಅಂಗಡಿಯವರು.

"ಪಿಚ್ಚರ್ ಇಲ್ಲ ಅಂಕಲ್. ಬರೀ ಆಲ್ಬಮ್."

"ಓ, ಭಕ್ತಿಗೀತೆನಾ?"

"ಅಲ್ಲ."

"ಪಿಚ್ಚರೂ ಅಲ್ಲ, ದೇವ್ರೂ ಅಲ್ಲ. ಮತ್ ಯಾಕಮ್ಮ ಹಾಡ್ತಾರೆ?"

ಅಂಗಡಿಯಿಂದ ಇಳಿದು ಬಸ್‌ಸ್ಟಾಪಿನವರೆಗೂ ನಕ್ಕೆವು. ಆಮೇಲೆ ಅದು ಒಳ್ಳೆಯ ಪ್ರಶ್ನೆಯೇ ಎಂದು ಅವಳು ಅಂದಳು.

ಹನ್ನೆರಡನೆಯ ಶನಿವಾರ ಅಣ್ಣ ಸಿ.ಡಿ. ಮಾಡಿಕೊಡುವುದೆಂದು ಮೊದಲೇ ಮಾತಾಗಿತ್ತು. ಮಾರನೇ ದಿನ ಕೆಂಗೇರಿಯ ಅವಳ ಮನೆಯಲ್ಲಿ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಲೇ ಕೇಳುವುದೆಂದೂ ನಿಶ್ಚಯವಾಗಿತ್ತು. ಅದನ್ನು ಅವಳು ಹಬ್ಬವೊಂದಕ್ಕೆ ಕಾಯುವ ಹಾಗೆ ಕಾಯುತ್ತಿದ್ದಳು. ಆ ಶನಿವಾರ ಅವಳಿಗೆ ಲ್ಯಾಬ್ ಇದ್ದು ತಡವಾಯಿತು. ಹಾಡು ಇಳಿಯುವಾಗ ಗಾಜಿನ ಗೂಡಿನಲ್ಲಿ ನಾನೊಬ್ಬಳೇ ಇದ್ದೆ. ಅವಳು ಓಡುತ್ತ ಬಂದಾಗ ಮುಗಿಯಿತು ಎಂದು ಪರದೆ ಹೇಳುತ್ತಿತ್ತು. ಹಾಡು ಹಾಕಿದೆವು. ಕಪ್ಪುಹಲಗೆ, ಮೇಷ್ಟರು, ಸೊನ್ನೆ ಇಳಿಸು, ಭಾಗಿಸು, ಒಂದು, ನಾಲ್ಕು, ಎರಡು, ಎಂಟು, ಐದು, ಏಳು, ಮತ್ತೆ ಅದೇ, ಮೂರನೇ ಸುತ್ತಿನಲ್ಲಿ ಎಂಟು ಆಗಿ ಐದು ಎನ್ನುವಷ್ಟರಲ್ಲಿ, ಆ ಪದದ ಮೊದಲ ಅಕ್ಷರಕ್ಕೇ, ನಿಶ್ಶಬ್ದ.

ಆಗಲೇ ನಾನು ಆ ಮಾತು ಹೇಳಿದ್ದು.

ಅವಳು ಹೆಡ್‌ಫೋನ್ ತೆಗೆಯಲಿಲ್ಲ. ಕೊನೆಯ ಸಾಲನ್ನು ಇನ್ನೊಮ್ಮೆ ಹಾಕಿ ಕೇಳಿ, "ಅಬ್ಬಾ, ಎಂಥಾ ತಲೆ ನೋಡು ಅವನ್ದು" ಎಂದಳು. ಮುಗಿಯದ ಲೆಕ್ಕಕ್ಕೆ ಮುಗಿಯುವ ಹಾಡು ಕಟ್ಟುವುದೇ ಸುಳ್ಳು, ಅದಕ್ಕೇ ಅವನು ಪದದ ಮಧ್ಯೆ ಎದ್ದು ಹೋಗಿದ್ದಾನೆ ಎಂದು ಅವಳ ವಾದ. ಬೀರುವಿನ ಬಾಗಿಲು ತೆಗೆದು, ಕೋಟು ಸರಿಸಿ, ಹೊರಗೆ. ಮಾರೇನಹಳ್ಳಿಯಿಂದ ಬಸ್‌ಸ್ಟಾಪಿಗೆ ನಡೆಯುವಷ್ಟರಲ್ಲಿ ಆ ವಾದಕ್ಕೆ ಕೈಕಾಲು ಬಂದಿತ್ತು. ನನಗೂ ಅದು ಇಷ್ಟವಾಯಿತು. ಇಷ್ಟವಾಗಿ ಸುಮ್ಮನಾದೆ.

ಭಾನುವಾರ ಅವಳ ಮನೆಯ ಟಿ.ವಿ.ಗೆ ಸಿಕ್ಕಿಸಿದ ಪ್ಲೇಯರಿನಲ್ಲಿ ಹನ್ನೆರಡೂ ಹಾಡುಗಳನ್ನು ಕೇಳಿದೆವು. ಅವಳ ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹನ್ನೊಂದು ಹಾಡು ಮುಗಿಯುವವರೆಗೆ ಮಾತಾಡದವರು ಹನ್ನೆರಡನೆಯದಕ್ಕೆ ತಲೆಯೆತ್ತಿ, "ಇದು ಮಗ್ಗಿ ತಾನೆ?" ಎಂದರು.

"ಮಗ್ಗಿ ಅಲ್ಲಮ್ಮ, ರ‍್ಯಾಪು."

"ಏಳರ ಮಗ್ಗಿ ಕಣೇ. ನಾವು ಇಸ್ಕೂಲಲ್ಲಿ ಇದಕ್ಕಿಂತ ಬಿರಬಿರನೆ ಹೇಳ್ತಿದ್ವಿ." ಹೇಳಿಯೂ ತೋರಿಸಿದರು. ನಿಜವಾಗಿಯೂ ಬಿರಬಿರನೆ ಹೇಳಿದರು, ಕಾಳು ಉದುರಿಸುವ ಕೈ ತಾಳ ತಪ್ಪದೆ ನಡೆದೇ ಇತ್ತು.

ಕನ್ನಡದಲ್ಲಿ ಮಾಡುವ ಯೋಚನೆ ಅಲ್ಲಿಂದ ಬಂತು. ಗೆಳತಿ ಕಾಲೇಜಿನ ಪ್ರತಿಭಾ ದಿನಕ್ಕೆ ಹೆಸರು ಕೊಟ್ಟಳು. ಒಂದು ವಾರದಲ್ಲಿ ಬರೆದು ತಂದಳು. ಕಪ್ಪುಹಲಗೆಯ ಹುಡುಗ ಹೋಗಿ ಅವಳು ದಿನಾ ಹತ್ತುವ ಬಸ್ಸು ಬಂದಿತ್ತು.

ಕೆಂಗೇರಿ ಬಸ್ಸು, ಒಂದೇ ಸೀಟು, ಏಳು ಜನ ನಿಂತವ್ರೆ,
ಸಮಪಾಲು ಕೊಡಿ ಅಂತ ಕಂಡಕ್ಟರ್‌ನ ಕೇಳ್ತವ್ರೆ.
ಸೊನ್ನೆ ಇಳ್ಸು, ಏಳೊಂದ್ಲ ಏಳು, ಉಳ್ಕೊಂಡಿದ್ದು ಮೂರು,
ಸೊನ್ನೆ ಇಳ್ಸು, ಏಳ್ನಾಕ್ಲ ಇಪ್ಪತ್ತೆಂಟು, ಇನ್ನೂ ಎರಡೈತೆ ಗುರು.

ತಾಳಕ್ಕೆ ನನ್ನ ಜಾಮಿಟ್ರಿ ಬಾಕ್ಸು. ಒಳಗೆ ಕಂಪಾಸು ಮತ್ತು ಎರಡು ಪೆನ್ಸಿಲ್ ತುಂಡು ಬಿಟ್ಟು ಬೆಂಚಿನ ಮೇಲೆ ಬಡಿದರೆ ಒಳ್ಳೆಯ ಸದ್ದು ಬರುತ್ತಿತ್ತು. ಕೊನೆಯೇ ಮುಖ್ಯ ಎಂದಳು. ಮೂರನೇ ಸುತ್ತಿನಲ್ಲಿ ಅವಳು "ಐ" ಎಂದು ನಿಲ್ಲಿಸುತ್ತಾಳೆ, ಅದೇ ಕ್ಷಣ ನನ್ನ ಬಾಕ್ಸೂ ನಿಲ್ಲಬೇಕು. ಸಭಾಂಗಣ ಉಸಿರು ಹಿಡಿದು ಕೂರುತ್ತದೆ. ನಾವು ನಮಸ್ಕಾರ ಹೇಳದೆ ಹೊರಡುತ್ತೇವೆ.

ನನಗೆ ಅನುಮಾನ ಹುಟ್ಟಿದ್ದು ಆಗ. ಹಾಡು ನಿಜವಾಗಿ ಅರ್ಧಕ್ಕೇ ಕಡಿದಿದ್ದರೆ? ಅಷ್ಟು ಜನರ ಎದುರು ಅವಳು ಒಂದು ಕೆಟ್ಟ ಟೆಲಿಫೋನ್ ಲೈನನ್ನು ಕಲೆಯೆಂದು ಆಡಿ ತೋರಿಸಲಿದ್ದಳು, ಅದೂ ನನ್ನ ಮಾತು ನಂಬಿ. ಆ ಬೂದು ಪುಟದಲ್ಲಿ ಪ್ರತಿ ಹಾಡಿನ ಪಕ್ಕ ಅದು ಎಷ್ಟು ನಿಮಿಷದ್ದೆಂದು ಬರೆದಿರುತ್ತಿತ್ತು. ನೋಡಿ ಬರೋಣವೆಂದು ಒಬ್ಬಳೇ ಸೈಬರಿಗೆ ಓಡಿದೆ. ಪುಟ ತೆರೆಯಲಿಲ್ಲ. ಈ ತಿಂಗಳ ಮಿತಿ ಮೀರಿದೆ ಎಂಬ ಒಂದು ಸಾಲು ಮಾತ್ರ ಬಂತು. ಅಣ್ಣ ಬಗ್ಗಿ ನೋಡಿ, "ನೀವಿಬ್ರೇ ಕೇಳಿ ಕೇಳಿ ಖಾಲಿ ಮಾಡ್ಬಿಟ್ರಿ" ಎಂದರು.

ಅವಳಿಗೆ ಹೇಳಿದೆ. ಯಾವಾಗ ಎಂಬುದೇ ತಕರಾರು. ನನ್ನ ನೆನಪಿನಲ್ಲಿ ಅದು ಪ್ರತಿಭಾ ದಿನ, ವೇದಿಕೆಯ ಪರದೆಯ ಹಿಂದೆ, ನಮ್ಮ ಹೆಸರು ಕರೆಯುವುದಕ್ಕೆ ತುಸು ಮೊದಲು. ಅವಳು ದುಪಟ್ಟಕ್ಕೆ ಪಿನ್ನು ಹಾಕಿಕೊಳ್ಳುತ್ತಿದ್ದಳು. "ಆ ಹಾಡು ಅರ್ಧ ಇಳಿದಿದ್ರೂ ಇಳಿದಿರಬಹುದು ಕಣೇ" ಎಂದೆ. ಬಾಯಲ್ಲಿದ್ದ ಇನ್ನೊಂದು ಪಿನ್ನನ್ನು ತೆಗೆದು ಅವಳು, "ಈಗ ಹೇಳ್ತೀಯಾ? ಬಾಕ್ಸ್ ಸರಿಯಾಗಿ ಬಡಿ, ಸಾಕು" ಎಂದಳು. ಪಿನ್ನಿನ ತಲೆ ನೀಲಿ ಬಣ್ಣದ್ದು ಎಂಬುದೂ ನೆನಪಿದೆ. ನೆನಪು ಇಷ್ಟು ಸ್ಪಷ್ಟವಾಗಿ ಬಣ್ಣ ಹಚ್ಚಿಕೊಂಡು ಬಂದಾಗ ನಾನು ಹುಷಾರಾಗುತ್ತೇನೆ.

ವೇದಿಕೆಯ ಮೇಲಿನದಕ್ಕೆ ಸಾಕ್ಷಿಗಳಿದ್ದಾರೆ, ಹಾಗಾಗಿ ಧೈರ್ಯದಿಂದ ಬರೆಯುತ್ತೇನೆ. ಮೊದಲ ನಾಲ್ಕು ಸಾಲಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಗುರು ಎಂದಾಗ ಹುಡುಗರ ಕಡೆಯಿಂದ ಒಂದು ಶಿಳ್ಳೆ ಬಂತು. ಒಂದು ನಾಲ್ಕು ಎರಡು, ಎಂಟು ಐದು ಏಳು. ಎರಡನೇ ಸುತ್ತಿಗೆ ಕಾಲುಗಳು ನೆಲ ತಟ್ಟುತ್ತಿದ್ದವು. ಮೂರನೇ ಸುತ್ತು. ಒಂದು ನಾಲ್ಕು ಎರಡು, ಎಂಟು, ಐ.

ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ಸಭಾಂಗಣ ಉಸಿರು ಹಿಡಿಯಿತು, ಅವಳು ಹೇಳಿದ್ದ ಹಾಗೆಯೇ. ಅಷ್ಟರಲ್ಲಿ ಮೈಕ್ ಸೆಟ್ಟಿನವರು ಪಕ್ಕದಿಂದ ಓಡಿ ಬಂದರು. "ವೈರ್ ಲೂಸ್ ಆಗೈತೆ, ಒಂದ್ನಿಮ್ಷ ಮೇಡಂ" ಎಂದು ವೈರು ತಿರುಚಿ, ಮೈಕಿಗೆ ಉಫ್ ಉಫ್ ಎಂದು ಊದಿದರು. ಆ ಉಫ್ ಇಡೀ ಸಭಾಂಗಣಕ್ಕೆ ಕೇಳಿಸಿತು. ಮೈಕು ಸರಿಯಾಗಿಯೇ ಇತ್ತು. ಅವರು ಮೈಕನ್ನು ನೋಡಿದರು, ಅವಳನ್ನು ನೋಡಿದರು. "ಹೇಳಮ್ಮ ಮುಂದಕ್ಕೆ" ಎಂದರು. ಅದೂ ಕೇಳಿಸಿತು.

ಅವಳು ಬಾಯಿ ಬಿಗಿಹಿಡಿದು ನಿಂತಳು. ಆಗ ಹಿಂದಿನ ಸಾಲಿನಿಂದ ಯಾರೋ, "ಐದು" ಎಂದರು. ಇನ್ನೊಬ್ಬರು, "ಏಳು". ಒಂದು ಗುಂಪು, "ಒಂದು, ನಾಲ್ಕು, ಎರಡು". ಹುಡುಗಿಯರ ಕಡೆಯಿಂದ, "ಎಂಟು, ಐದು, ಏಳು". ಎರಡು ಸಲ ಕೇಳಿದ್ದು ಎಲ್ಲರಿಗೂ ಬಾಯಿಗೆ ಬಂದುಬಿಟ್ಟಿತ್ತು. ಬೆಂಚು ಅವರೇ ಬಡಿಯುತ್ತಿದ್ದರು, ನನ್ನ ಬಾಕ್ಸಿನ ಅಗತ್ಯವೇ ಇರಲಿಲ್ಲ. ಎಷ್ಟು ಸುತ್ತು ಹೋಯಿತೋ. ಮೈಕ್ ಸೆಟ್ಟಿನವರೂ ತಲೆಯಾಡಿಸುತ್ತಿದ್ದರು. ಗೆಳತಿ ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿದ್ದ ನಗುವನ್ನು ನಾನು ಆಮೇಲೆ ಅವಳ ಮದುವೆಯ ದಿನವೂ ನೋಡಲಿಲ್ಲ. ಇದನ್ನು ಅವಳಿಗೆ ಹೇಳಿದ್ದೇನೆ, ಒಪ್ಪಿಕೊಂಡಿದ್ದಾಳೆ. ಕೊನೆಗೆ ಗಣಿತದ ಮೇಷ್ಟರು ಎದ್ದು ಬಂದು ಮೈಕು ತೆಗೆದುಕೊಂಡರು. "ಸಾಕ್ರಪ್ಪ ಸಾಕು. ನಾಳೆ ಬೆಳಿಗ್ಗೆವರ್ಗೂ ಭಾಗಿಸಿದ್ರೂ ಶೇಷ ಸೊನ್ನೆ ಬರಲ್ಲ. ಮುಂದೆ ಭಾವಗೀತೆ ಇದೆ."

ಬಹುಮಾನ ಭಾವಗೀತೆಗೆ ಬಂತು.

ಈಗ ಅವಳ ನೆನಪು. ಹೋದ ತಿಂಗಳು ಫೋನಿನಲ್ಲಿ ಕೇಳಿದೆ. ಹಾಡು ಅರ್ಧ ಇರಬಹುದೆಂದು ನಾನು ಹೇಳಿದ್ದು ಪ್ರತಿಭಾ ದಿನ ಆದ ಮಾರನೇ ವಾರ, ಕಾಲೇಜಿನ ಎದುರಿನ ಚಾಟ್ಸ್ ಗಾಡಿಯ ಹತ್ತಿರ. ಕೇಳಿ ನಕ್ಕ ರಭಸಕ್ಕೆ ಅವಳ ಮಸಾಲೆಪುರಿ ನೆತ್ತಿಗೆ ಹತ್ತಿತ್ತು.

"ಪರದೆ ಹಿಂದೆ ಹೇಳಿದ್ನಲ್ಲೇ" ಎಂದೆ.

"ಪರದೆ ಹಿಂದೆ ನೀನು ಒಂದ್ ಮಾತೂ ಆಡ್ಲಿಲ್ಲ. ಹಲ್ಲು ಕಟಕಟ ಅಂತಿತ್ತು."

"ಪಿನ್ನು ಹಾಕ್ಕೊಳ್ತಿದ್ದೆ ನೀನು."

"ಚೂಡಿದಾರ್‌ಗೆ ನಾನು ಯಾವತ್ತು ಪಿನ್ ಹಾಕಿದೀನಿ? ಮತ್ತೆ ಕೇಳು. ನೀನು ಮೊದ್ಲೇ ಹೇಳಿದ್ರೆ ಅಲ್ಲಿ ನಿಲ್ಸೋ ಧೈರ್ಯ ನಂಗೆ ಬರ್ತಿರ್ಲಿಲ್ಲ. ಇನ್ನೊಂದು ನಾಲ್ಕು ಸಾಲು ಬರೆದು, ನಮಸ್ಕಾರ ಹೇಳಿ ಬರ್ತಿದ್ದೆ."

ಅವಳಿಗೆ ಬೇಸರವೇನೂ ಇಲ್ಲ. ಒಳ್ಳೇದೇ ಆಯ್ತಲ್ಲ ಎನ್ನುತ್ತಾಳೆ. ಆಯ್ತು ನಿಜ. ಆದರೆ ಮೊದಲೇ ಹೇಳಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದಿದ್ದೇನಲ್ಲ.

ಆ ಬೂದು ಪುಟ ಮತ್ತೆ ತೆರೆಯಲಿಲ್ಲ. ಬೀರುವಿನ ಮನುಷ್ಯನಿಗೆ ಬರೆದ ಇ-ಮೇಲ್ ವಿಳಾಸ ಸಿಗದೆ ಮರಳಿ ಬಂತು. ವೇಗದ ಇಂಟರ್‌ನೆಟ್ ಮನೆಗೆ ಬಂದ ಮೇಲೂ ಹುಡುಕಿದೆವು, ಸಿಗಲಿಲ್ಲ. ಸಿ.ಡಿ. ಅವಳ ಹತ್ತಿರವಿದೆ, ಓದುವ ಯಂತ್ರ ಇಬ್ಬರಲ್ಲೂ ಇಲ್ಲ. ನೋಟುಬುಕ್ಕು ನನ್ನ ಹತ್ತಿರವಿದೆ. ಹಿಂದಿನ ಪುಟದಲ್ಲಿ ಹನ್ನೆರಡು ಹಾಡುಗಳ ಹೆಸರನ್ನು ಸಾಲಾಗಿ ಬರೆದಿದ್ದೇನೆ. ಮೊದಲ ಹನ್ನೊಂದು ಹಾಡುಗಳ ಮುಂದೆ ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಇದೆ. ಹನ್ನೆರಡನೆಯದರ ಮುಂದೆ ಜಾಗ ಖಾಲಿ.

ಪುಟದಲ್ಲಿದ್ದ ನಿಮಿಷಗಳನ್ನು ನೋಡಲಿಲ್ಲವಾದ್ದರಿಂದ ಬರೆಯಲಿಲ್ಲವೋ, ಅವು ಎರಡೂವರೆಗಿಂತ ಹೆಚ್ಚೆಂದು ನೋಡಿದ್ದರಿಂದಲೇ ಬರೆಯಲಿಲ್ಲವೋ, ನನಗೆ ಗೊತ್ತಿಲ್ಲ. ಆ ಹಾಡಿನಲ್ಲಿ ಐದರ ಮುಂದೆ ಏನಿತ್ತು ಎಂಬುದೂ ಗೊತ್ತಿಲ್ಲ.