ಸಂಗೀತ್‌ಗೊಂದು ಕುಣಿತ, ಆರತಿಗೊಂದು ಹಾಡು

ನಮ್ಮ ಕಡೆಯ ಮದುವೆಗಳಲ್ಲಿ ‘ಸಂಗೀತ್’ ಎಂಬುದು ಇರಲಿಲ್ಲ. ನನ್ನ ಮದುವೆಯ ಹಿಂದಿನ ಸಂಜೆ ಉಡುಪಿಯ ಮನೆಯಲ್ಲಿ ಹೆಂಗಸರೆಲ್ಲ ಕುಳಿತು ತೆಂಗಿನಕಾಯಿ ತುರಿದಿದ್ದರು, ಅಷ್ಟೇ. ನಾನು ನವಿ ಮುಂಬಯಿಯ ನೆರೂಳಕ್ಕೆ ಬಂದು ಸಂಸಾರ ಹೂಡಿದ ಮೇಲೆ, ನೋಡುತ್ತ ನೋಡುತ್ತ ಅದು ಎಲ್ಲರ ಮನೆಗೂ ಬಂದು ಸೇರಿತು. ಹಿಂದಿ ಸಿನಿಮಾದಲ್ಲಿ ಮದುವೆ ಹೇಗೆ ನಡೆಯುತ್ತದೋ ನಮ್ಮ ಮಕ್ಕಳ ಮದುವೆಯೂ ಹಾಗೆಯೇ ನಡೆಯಬೇಕು. ಮರಾಠಿಯವರು, ಮಲಯಾಳಿಗಳು, ನಾವು, ಎಲ್ಲರೂ ಹಿಂದಿನ ದಿನ ಅದೇ ನಾಲ್ಕು ಹಾಡಿಗೆ ಕುಣಿಯುತ್ತೇವೆ. ಮರುದಿನ ಬೆಳಿಗ್ಗೆ ಶಾಸ್ತ್ರ ಮಾತ್ರ ಬೇರೆ ಬೇರೆ.

ಮಗಳಿಗೆ ಠಾಣೆಯ ಮರಾಠಿ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಒಳ್ಳೆಯ ಮನೆ, ದೇವರ ಮೇಲೆ ಭಕ್ತಿ ಇರುವ ಜನ. ಘೋಡಬಂದರ್ ರಸ್ತೆಯ ಹಾಲ್ ನಮಗೆ ಬೇಕಾದ ಮುಹೂರ್ತಕ್ಕೇ ಸಿಕ್ಕಿತು. ಇಷ್ಟು ಕೊಟ್ಟ ಮೇಲೆ ದೇವರಲ್ಲಿ ಇನ್ನೇನು ಕೇಳುವುದು? ಆದರೂ ಒಂದು ಆಸೆ ಉಳಿದಿತ್ತು. ಧಾರೆಯಾದ ಮೇಲೆ ಇಬ್ಬರು ಮುತ್ತೈದೆಯರು ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆಯಲ್ಲಿ ಬತ್ತಿ ಹಚ್ಚಿ ಮದುಮಕ್ಕಳಿಗೆ ಆರತಿ ಎತ್ತುತ್ತಾರಲ್ಲ, ಆಗ ಪಾರ್ವತಿ ದೇವಿಯ ಆರತಿ ಹಾಡು ಹೇಳಬೇಕು. ಹಾಡು ಮುಗಿಯುವವರೆಗೆ ತಟ್ಟೆ ಇಳಿಸಬಾರದು ಎನ್ನುವುದು ನಮ್ಮ ಮನೆಯ ರೂಢಿ. ಈಚಿನ ಮದುವೆಗಳಲ್ಲಿ ಹಾಡುವವರೇ ಇಲ್ಲ. ತಟ್ಟೆ ಎರಡು ಸುತ್ತು ತಿರುಗುತ್ತದೆ, ಫೋಟೋದವನು ‘ಆಂಟಿ, ಇಧರ್’ ಎನ್ನುತ್ತಾನೆ, ಇಳಿಸುತ್ತಾರೆ. ನನ್ನ ಮಗಳಿಗೂ ಹಾಗಾಗಬಾರದು.

ನೀನೇ ಹಾಡಬಹುದಲ್ಲ ಎಂದು ಕೇಳಬೇಡಿ. ದೇವರು ನನಗೆ ಕೈರುಚಿ ಕೊಟ್ಟ, ಕಂಠ ಕೊಡಲಿಲ್ಲ. ಹಾಡು ಪೂರ್ತಿ ಬರುತ್ತಿದ್ದದ್ದು ಡೊಂಬಿವಲಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಮಾತ್ರ. ಅವರಿಗೋ ಉಬ್ಬಸ.

ಒಂದು ಭಾನುವಾರ ಮಗಳು, ಖಾರಘರದಿಂದ ಬಂದಿದ್ದ ನಾದಿನಿಯ ಇಬ್ಬರು ಹೆಣ್ಣುಮಕ್ಕಳು, ಎಲ್ಲ ಸೇರಿ ಸಂಗೀತ್‌ನಲ್ಲಿ ಯಾರು ಯಾವ ಹಾಡಿಗೆ ಕುಣಿಯಬೇಕೆಂದು ಗೊತ್ತು ಮಾಡುತ್ತಿದ್ದರು.

“ಅಮ್ಮಾ, ನಿಂದೂ ಒಂದು ಡ್ಯಾನ್ಸ್ ಉಂಟು” ಎಂದಳು ಮಗಳು.

“ನಂದಾ? ಕುಣಿಯುವ ಪ್ರಾಯವಾ ನಂದು?”

“ಪಪ್ಪ ಹೂಂ ಅಂದಾಗಿದೆ. ನೀನು ಬರದಿದ್ರೆ ಅವರು ಕಂಬ ಹಿಡ್ಕೊಂಡು ಕುಣೀಬೇಕು.”

“ಮಾಮಿ, ಸಿರ್ಫ್ ಹಾಥ್ ಹಿಲಾನಾ ಹೈ” ಎಂದು ನಾದಿನಿಯ ದೊಡ್ಡ ಮಗಳು ಧೈರ್ಯ ಕೊಟ್ಟಳು, ಬರೀ ಕೈ ಆಡಿಸಿದರೆ ಸಾಕಂತೆ. ಆ ಇಬ್ಬರಿಗೂ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

ನನಗೆ ಆ ಕ್ಷಣಕ್ಕೆ ಎಲ್ಲಿಂದ ಹೊಳೆಯಿತೋ. “ಆಗಲಿ, ಕುಣೀತೇನೆ. ನೀವಿಬ್ಬರು ಆರತಿ ಹಾಡು ಕಲಿತು ಹೇಳ್ಬೇಕು.”

“ಕನ್ನಡಾ ಮೇ?”

“ಮತ್ತೆ ಚೀನೀ ಭಾಷೆಯಲ್ಲಿಯಾ?”

ಇಬ್ಬರೂ ಮುಖ ಮುಖ ನೋಡಿಕೊಂಡು ಒಪ್ಪಿದರು. ದೊಡ್ಡಮ್ಮ ನಿಂತು ನಿಂತು ಹಾಡಿದ್ದನ್ನು ಫೋನಿನಲ್ಲಿ ತುಂಬಿ ಅವರಿಗೆ ಕಳಿಸಿದೆ. ಅವರು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರು. ನಾನು ನನ್ನ ಪಾಲಿನ ಕೆಲಸ ಮಾಡಿದೆ: ಪೂಜೆ ಮುಗಿಸಿ, ಕುಕ್ಕರ್ ಇಟ್ಟು, ಸೀಟಿ ಬರುವವರೆಗೆ ಅಡುಗೆಮನೆಯಲ್ಲೇ ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು ಹೆಜ್ಜೆ. ಹಾವಿನ ಹೆಡೆಯ ಮೇಲೇ ಕುಣಿದವನು ಕೃಷ್ಣ, ನನ್ನನ್ನು ನೋಡಿ ನಗಲಾರ ಎಂದು ಸಮಾಧಾನ.

ಡ್ಯಾನ್ಸ್ ಕಲಿಸಲು ಒಬ್ಬಳು ಟೀಚರ್ ನಮ್ಮ ಸೊಸೈಟಿಯ ಕ್ಲಬ್‌ಹೌಸಿಗೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಮಕ್ಕಳಿಗೆಂದು ಗೋಳಿಬಜೆ ಕರಿದುಕೊಂಡು ಕೆಳಗಿಳಿದರೆ, ಬಾಗಿಲಲ್ಲೇ ಢೋಲ್-ತಾಶೆಯ ಅಬ್ಬರ. ಗಣಪತಿ ಬಿಡುವ ಮೆರವಣಿಗೆಯದೇ ಬಡಿತ. ಅದರ ಮೇಲೆ ತೇಲುತ್ತಿದ್ದದ್ದು ನನ್ನ ಪಾರ್ವತಿಯ ಆರತಿ ಹಾಡು! ಹುಡುಗಿಯರು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ಸೊಂಟವೂ ಸುಮ್ಮನಿರಲಿಲ್ಲ.

“ಸ್ಲೋ ಥಾ ನಾ, ಮಾಮಿ. ಯಾದ್ ಹೀ ನಹೀ ರೆಹತಾ ಥಾ. ಟೀಚರ್ ನೇ ಬೀಟ್ ಡಾಲಾ” ಎಂದಳು ಚಿಕ್ಕವಳು, ಗೋಳಿಬಜೆಗೆ ಕೈಹಾಕುತ್ತ. ನಿಧಾನದ ಹಾಡು ನೆನಪಲ್ಲೇ ನಿಲ್ಲುತ್ತಿರಲಿಲ್ಲವಂತೆ, ಟೀಚರೇ ಬಡಿತ ಸೇರಿಸಿದ್ದಂತೆ.

ನಾನು ತಟ್ಟೆ ಇಟ್ಟು ಮೇಲೆ ಬಂದು ದೇವರ ಮುಂದೆ ತಪ್ಪುಕಾಣಿಕೆ ತೆಗೆದಿರಿಸಿದೆ. ಇದಕ್ಕಿಂತ ಹಾಡಿಲ್ಲದ ಆರತಿಯೇ ವಾಸಿ ಅನ್ನಿಸಿತು.

ಮರುದಿನ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಹೋದೆ. ಕಿಟಕಿಯ ಸೀಟು ಸಿಕ್ಕಿತು, ಅದೂ ದೇವರ ದಯೆಯೇ. ಹೇಗಾದರೂ ಮಾಡಿ ನೀವೇ ಬಂದು ಹಾಡಿ ಎಂದು ದೊಡ್ಡಮ್ಮನ ಹತ್ತಿರ ಬೇಡಿಕೊಂಡೆ.

“ಎರಡು ಸಾಲಿಗೆ ದಮ್ಮು ಬರ್ತದೆ ನಂಗೆ” ಎಂದರು. “ಆಮೇಲೆ ಮದುಮಗಳಿಗೆ ಆರತಿ ಎತ್ತುವುದಾ, ನನ್ನ ಬಾಯಿಗೆ ಪಂಪು ಹಿಡಿಯುವುದಾ?”

ಹುಡುಗಿಯರು ಕಳಿಸಿದ್ದ, ಢೋಲ್ ಸೇರಿಸಿದ ಹಾಡನ್ನು ಫೋನಿನಲ್ಲಿ ಕೇಳಿಸಿದೆ. ಬಯ್ಯುತ್ತಾರೆ ಎಂದುಕೊಂಡರೆ, ಅವರ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು.

“ದೊಡ್ಡಮ್ಮಾ, ಇದು ದೇವರ ಹಾಡು!”

“ಗೊತ್ತುಂಟು. ಧಾಟಿ ಯಾರದ್ದು ಅಂತ ಗೊತ್ತುಂಟಾ ನಿಂಗೆ?”

“ಅಜ್ಜಿಯದ್ದು.”

“ಅಜ್ಜಿಯದ್ದು ಎಂತದು! ನಾಟಕ ಕಂಪನಿಯದ್ದು ಮಾರಾಯ್ತಿ. ನಮ್ಮ ಗದ್ದೆಯ ಆಚೆ ಟೆಂಟು ಹಾಕಿದ್ರು. ರಾಣಿ ವೇಷದವಳು ರಾಜನನ್ನು ನೋಡಿ ಹಾಡ್ತಿದ್ಲು. ನಾನೂ ನಿನ್ನಮ್ಮನೂ ಹಿತ್ತಿಲಲ್ಲಿ ನಿಂತು ಕೇಳಿ ಕೇಳಿ, ಆ ಧಾಟಿಗೆ ಆರತಿ ಹಾಡು ಕೂರಿಸಿದ್ದು. ನಿನ್ನಜ್ಜಿ ಸೌಟು ಹಿಡ್ಕೊಂಡು ಓಡಿಸಿದ್ರು ನಮ್ಮನ್ನ.”

“ಮತ್ತೆ?”

“ಮತ್ತೆ ಎಂತ? ಮುಂದಿನ ಮದುವೆಗೆ ಅಜ್ಜಿಯೇ ಅದೇ ಧಾಟಿಯಲ್ಲಿ ಹಾಡಿದ್ರು. ಮೊದಲಿನ ಧಾಟಿ ಈಗ ನಂಗೇ ಮರ್ತಿದೆ.”

ಗಾಡಿಯಲ್ಲಿ ಮರಳುವಾಗ ಇದನ್ನೇ ಯೋಚಿಸಿದೆ. ಊರಿನ ವಾಲಗದವರೂ ಊಟದ ಹೊತ್ತಿಗೆ ಸಿನಿಮಾ ಹಾಡು ನುಡಿಸುತ್ತಿದ್ದರಲ್ಲ, ಯಾರು ಬೇಡ ಎಂದಿದ್ದರು? ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಆರತಿಯ ಹೊತ್ತಿಗೆ ಢೋಲ್ ಬೇಡ, ಬಾಯಲ್ಲಷ್ಟೇ ಹಾಡಿ ಎಂದು ಹುಡುಗಿಯರಿಗೆ ಹೇಳಿದೆ. “ಬೀಟ್ ನಹೀ ತೋ ಹಮ್ ಅಟಕ್ ಜಾಯೇಂಗೇ” ಎಂದು ಗೊಣಗಿದರು, ಬಡಿತವಿಲ್ಲದಿದ್ದರೆ ಮಧ್ಯದಲ್ಲೇ ನಿಂತುಬಿಡುತ್ತಾರಂತೆ. ನಾನು ಕೇಳಲಿಲ್ಲ.

ಸಂಗೀತ್‌ನ ಸಂಜೆ ನಾನು ಕುಣಿದೆ. ಎಡಬಲ ಒಂದು ಕಡೆ ತಪ್ಪಿತು, ಯಜಮಾನರು ಪೂರ್ತಿ ತಪ್ಪಿದರು, ಹಾಗಾಗಿ ನನ್ನದು ಯಾರಿಗೂ ಕಾಣಲಿಲ್ಲ. ಬೀಗಿತ್ತಿ ಒಂಬತ್ತು ಗಜದ ನೌವಾರಿ ಸೀರೆಯಲ್ಲಿ ಕುಣಿದು ಬಂದು ನನ್ನ ಪಕ್ಕ ಕುಳಿತು, ಚಪ್ಪಲಿ ಕಳಚಿ, “ಗುಡಘೇ ಗೇಲೇ” ಎಂದು ಮಂಡಿ ನೀವಿಕೊಂಡರು. ನನ್ನ ಮಂಡಿಯೂ ಅದನ್ನೇ ಹೇಳುತ್ತಿತ್ತು. ಇಬ್ಬರೂ ನಕ್ಕೆವು. ಮಗಳು ಹೋಗುವ ಮನೆಯ ಬಗ್ಗೆ ಉಳಿದಿದ್ದ ಅಂಜಿಕೆ ಅಲ್ಲಿಗೆ ಕಡಿಮೆಯಾಯಿತು.

ಬೆಳಿಗ್ಗೆ ಧಾರೆ ಸುಸೂತ್ರವಾಗಿ ಮುಗಿಯಿತು. ನಾದಿನಿಯೂ ಪಕ್ಕದ ಮನೆಯವರೂ ಆರತಿ ತಟ್ಟೆ ಎತ್ತಿದರು. ವಾಲಗ ನಿಂತಿತು. ದೊಡ್ಡ ಹುಡುಗಿ ಬಾಯಿ ತೆರೆದಳು, ಸ್ವರ ಎಲ್ಲೋ ಮೇಲಕ್ಕೆ ಹೋಯಿತು, ನಿಂತುಬಿಟ್ಟಳು. ಚಿಕ್ಕವಳು ಅಕ್ಕನ ಮುಖ ನೋಡಿದಳು. ಹಿಂದೆ ಯಾರೋ ಕಿಸಕ್ಕೆಂದರು. ತಟ್ಟೆ ಒಂದು ಸುತ್ತು ಬಂದಾಗಿತ್ತು. ಇಳಿಸಲಾ ಎಂದು ನಾದಿನಿ ಕಣ್ಣಲ್ಲೇ ಕೇಳಿದಳು. ಮಗಳು ತಲೆ ತಗ್ಗಿಸಿದ್ದವಳು ನನ್ನ ಕಡೆ ನೋಡಿದಳು. ನಾನು ಬೇಡವೆಂದ ಢೋಲ್ ಅದೆಷ್ಟು ಬೇಕಿತ್ತು ಎಂದು ಆಗ ತಿಳಿಯಿತು.

ನನಗೆ ಬರುವುದು ಚಪ್ಪಾಳೆ ಒಂದೇ. ಕ್ಲಬ್‌ಹೌಸಿನಲ್ಲಿ ಕೇಳಿದ ಆ ಬಡಿತವನ್ನೇ ನೆನಪು ಮಾಡಿಕೊಂಡು ತಟ್ಟಿದೆ. ಮೊದಲ ಸಾಲಿನ ಕುರ್ಚಿಯಿಂದ ದೊಡ್ಡಮ್ಮ ತೊಡೆ ತಟ್ಟಿದರು. “ಹೇಳಿ ಮಕ್ಕಳೇ!” ಹುಡುಗಿಯರ ಗಂಟಲು ಬಿಟ್ಟಿತು. ಮರಾಠಿಯವರ ಮನೆಯಲ್ಲಿ ಆರತಿಗೆ ಚಪ್ಪಾಳೆ ಇದ್ದೇ ಇದೆ. ಬೀಗಿತ್ತಿಯ ಕಡೆಯ ಹೆಂಗಸರೆಲ್ಲ ಮಾತು ತಿಳಿಯದಿದ್ದರೂ ಕೈ ಸೇರಿಸಿದರು. ಅಜ್ಜಿ ಕೇಳಿದ್ದರೆ ಸೌಟು ಹಿಡಿದು ಬರುತ್ತಿದ್ದರೋ ಏನೋ. ಬರಲಿ, ಮುಂದಿನ ಮದುವೆಗೆ ಅವರೂ ಹಾಡುತ್ತಿದ್ದರು.

ಒಂದು ನುಡಿಯನ್ನೂ ಬಿಡದೆ ಹಾಡಿದರು. ಆ ಹೊತ್ತಿನಲ್ಲಿ ತಾಯಂದಿರು ಅಳುತ್ತಾರೆ. ನನಗೆ ತಾಳ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ಅಳಲಿಕ್ಕೆ ಪುರುಸೊತ್ತೇ ಆಗಲಿಲ್ಲ.

ತಟ್ಟೆ ಇಳಿಸಿದ ನಾದಿನಿ ತೋಳು ಒತ್ತಿಕೊಳ್ಳುತ್ತ ತನ್ನ ಮಕ್ಕಳಿಗೆ ಹೇಳಿದಳು: “ಇನ್ನೊಂದು ನುಡಿ ಇದ್ದಿದ್ರೆ ಕೆಂಪು ನೀರೆಲ್ಲ ಮದುಮಗನ ತಲೆ ಮೇಲೆಯೇ!”