ಪಂಪ್‌ಹೌಸಿನಲ್ಲಿಟ್ಟ ನಾಲ್ಕನೇ ರೀಲು

ಕೊಳ್ಳೇಗಾಲದಲ್ಲಿ ಶಿವರತ್ನಮ್ಮ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಪಿ.ಟಿ. ಮೇಡಂ ಅಂದರೆ ಆಟೋದವರು ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ಮೂವತ್ತೊಂದು ವರ್ಷ ಹೈಸ್ಕೂಲಿನ ಹೆಣ್ಣುಮಕ್ಕಳನ್ನು ಮೈದಾನದಲ್ಲಿ ಓಡಿಸಿದವರು. ನಿವೃತ್ತಿಗೆ ಎರಡು ವರ್ಷವಿದ್ದಾಗ ಮಾಂಬಳ್ಳಿಯ ಹಳೇ ವಿದ್ಯಾರ್ಥಿನಿಯೊಬ್ಬಳ ಮನೆಗೆ ಊಟಕ್ಕೆ ಹೋಗಿದ್ದರು. ಅಲ್ಲಿ ತಗಡಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದ್ದ ಕರಪತ್ರವೊಂದು ಕಂಡಿತು. ಕಚ್ಚೆ ಹಾಕಿ ಸೀರೆಯುಟ್ಟ ಹೆಂಗಸೊಬ್ಬಳು ಸೈಕಲ್ಲಿನ ಮೇಲೆ ಬಗ್ಗಿ ಕೂತಿದ್ದಾಳೆ. ಹಿಂದೆ ಮೂವರು ಗಂಡಸರು ಬೆವರುತ್ತಿದ್ದಾರೆ. ಕೆಳಗೆ ‘ಚಕ್ರವೇಗ’ ಎಂದು ದಪ್ಪಕ್ಷರ. ಸಿನಿಮಾಕ್ಕೆ ಮಾತು ಬರುವ ಮುಂಚಿನ ಕಾಲದ್ದು, ಸೈಕಲ್ ಪಂದ್ಯದ ಕಥೆ.

ಆ ಚಿತ್ರದ ಒಂದು ಪ್ರತಿಯೂ ಎಲ್ಲೂ ಉಳಿದಿಲ್ಲವೆಂದು ಬೆಂಗಳೂರಿನ ಫಿಲಂ ಸಂಗ್ರಹಾಲಯದಿಂದ ಉತ್ತರ ಬಂತು. ಉತ್ತರ ಬರೆದವಳು ಅಲ್ಲಿ ಕೆಲಸ ಮಾಡುವ ಭವ್ಯ ಎಂಬ ಹುಡುಗಿ. ಶಿವರತ್ನಮ್ಮ ಅಷ್ಟಕ್ಕೆ ಬಿಡಲಿಲ್ಲ. ಸಿಕ್ಕಿದ್ದನ್ನಾದರೂ ಕೂಡಿಡೋಣವೆಂದು ಹೊರಟರು. ರೇಷ್ಮೆ ಅಂಗಡಿಯೊಂದರಲ್ಲಿ ಸೀರೆ ಮಡಿಕೆ ಕೆಡದಿರಲೆಂದು ಒಳಗಿಟ್ಟಿದ್ದ ರಟ್ಟು, ನೋಡಿದರೆ ಅದೇ ನಟಿಯ ಫೋಟೊ. ಯಳಂದೂರಿನಲ್ಲಿ ಇನ್ನೆರಡು ಕರಪತ್ರ, ಕಾಮಗೆರೆಯಲ್ಲಿ ಅರ್ಧ ಹರಿದ ಟಿಕೆಟ್ಟು. ಆರು ವರ್ಷದಲ್ಲಿ ಕೂಡಿದ್ದೆಲ್ಲ ಒಂದು ಶೂ ಡಬ್ಬಿಗೆ ಹಿಡಿಯುತ್ತಿತ್ತು. ಗಂಡ ರುದ್ರಸ್ವಾಮಿ, ನಿವೃತ್ತ ಬಸ್ ಕಂಡಕ್ಟರ್, ನಗುತ್ತಿದ್ದರೇ ಹೊರತು ಬೇಡವೆಂದವರಲ್ಲ.

ಈ ಏಪ್ರಿಲ್‌ನಲ್ಲಿ ಹನೂರಿನ ಗುಜರಿ ಅಂಗಡಿಯ ಮಾದೇಶ್ ಫೋನು ಮಾಡಿದ. ಟೂರಿಂಗ್ ಸಿನಿಮಾದವರ ಹಳೇ ಮನೆ ಕೆಡವುವಾಗ ಅಟ್ಟದಲ್ಲಿ ದುಂಡನೆಯ ಡಬ್ಬಿಯೊಂದು ಸಿಕ್ಕಿದೆ, ಮೇಲೆ ಮೇಡಂ ಹೇಳುತ್ತಿದ್ದ ಹೆಸರೇ ಇದೆ ಎಂದ. “ಬೇಗ ಬಂದು ತಕಂಡೋಗಿ ಮೇಡಂ. ವಾಸ್ನೆ ಒಡೀತಾ ಅದೆ.”

ಮುಚ್ಚಳದ ಮೇಲೆ ‘ಚಕ್ರವೇಗ – ೪’ ಎಂದು ಬರೆದ ಚೀಟಿ. ಶಿವರತ್ನಮ್ಮ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ತುಂಬಿದ ಬಸ್ಸಿನಲ್ಲಿ ಊರಿಗೆ ಬಂದರು. ಮನೆಯಲ್ಲಿ ಫೋಟೊ ತೆಗೆದು ಭವ್ಯಳಿಗೆ ಕಳಿಸಿದರು. ಅವಳು ಸಂತೋಷಪಡುತ್ತಾಳೆಂದುಕೊಂಡಿದ್ದರು. ಎರಡೇ ನಿಮಿಷಕ್ಕೆ ಫೋನು ಬಂತು, ಆ ಹುಡುಗಿಯ ದನಿಯಲ್ಲಿ ಸಂತೋಷವಿರಲಿಲ್ಲ.

ಆ ಕಾಲದ ಫಿಲಂ ನೈಟ್ರೇಟ್ ಎಂಬ ವಸ್ತುವಿನದಂತೆ. ಕೊಳೆಯಲು ಶುರುವಾದರೆ ಬೇಸಿಗೆಯ ಬಿಸಿಲಿಗೇ ತಾನಾಗಿ ಹತ್ತಿಕೊಳ್ಳಬಹುದಂತೆ; ಹತ್ತಿದರೆ ನೀರಿಗೂ ಆರುವುದಿಲ್ಲವಂತೆ. ಮನೆಯೊಳಗೆ ಇಡಬೇಡಿ, ಬಸ್ಸಿನಲ್ಲಿ ಒಯ್ಯಲೇಬೇಡಿ, ತಂಪಾದ ಕಡೆ ಜನರಿಂದ ದೂರ ಇಡಿ, ಅನುಮತಿ ಪಡೆದು ತಾನೇ ಬರಲು ಮೂರು ದಿನ ಬೇಕು ಎಂದಳು. ಕೊನೆಗೆ ತಡೆದು ತಡೆದು ಹೇಳಿದಳು: “ವಾಸನೆ ಜಾಸ್ತಿಯಾದರೆ ಪೂರ್ತಿ ನೀರಿನಲ್ಲಿ ಮುಳುಗಿಸಿಬಿಡಿ ಮೇಡಂ. ಅಪಾಯ ಕಳೆಯುತ್ತದೆ. ಆದರೆ ಚಿತ್ರ ಉಳಿಯುವುದಿಲ್ಲ.”

ಬಸ್ಸಿನಲ್ಲಿ ತಮ್ಮ ಪಕ್ಕ ಮಗು ಎತ್ತಿಕೊಂಡು ಕೂತಿದ್ದ ಹೆಂಗಸಿನ ಮುಖ ಶಿವರತ್ನಮ್ಮನ ಕಣ್ಣಿಗೆ ಕಟ್ಟಿತು.

ರುದ್ರಸ್ವಾಮಿ ಈ ಸಲ ನಗಲಿಲ್ಲ. “ಬಿಸಾಕು ಅನ್ನಲ್ಲ ನಾನು. ಆದ್ರೆ ಈ ಮನೇಲಿ ಬ್ಯಾಡ” ಎಂದರು. ಮಧುವನಹಳ್ಳಿಯಲ್ಲಿ ಅವರಿಗೆ ಎರಡೆಕರೆ ಜಮೀನಿತ್ತು. ಬಾವಿಯ ಪಕ್ಕ ಹೆಂಚಿನ ಪಂಪ್‌ಹೌಸು. ಮರುದಿನ ಬಿಸಿಲೇರುವ ಮೊದಲೇ ಸ್ಕೂಟರಿನಲ್ಲಿ ಒಯ್ದು, ಒದ್ದೆ ಮರಳು ತುಂಬಿದ ಬಾನಿಯ ನಡುವೆ ಡಬ್ಬಿ ಇಟ್ಟರು. ಜಮೀನು ನೋಡಿಕೊಳ್ಳುವ ಶಿವಯ್ಯನಿಗೆ ಯಾರನ್ನೂ ಒಳಗೆ ಬಿಡಬೇಡವೆಂದರು.

ಮೊದಲ ದಿನ ಮೂರು ಸಲ ಹೋಗಿ ಬಂದರು. ಮರಳು ಒಣಗಿತೇ, ಹೆಂಚಿನ ಸಂದಿಯಿಂದ ಬಿಸಿಲು ಬಿತ್ತೇ ಎಂದು ನೋಡಿದ್ದೇ ನೋಡಿದ್ದು. ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೂ ಮಧುವನಹಳ್ಳಿಗೇ ಹೋಗುತ್ತಿರಬೇಕು ಅನ್ನಿಸುತ್ತಿತ್ತು. ಹಾಗಿದ್ದೂ ನೀರಿಗೆ ಹಾಕಲು ಮನಸ್ಸು ಬರಲಿಲ್ಲ. ಇಡೀ ಲೋಕದಲ್ಲಿ ಉಳಿದ ಒಂದೇ ರೀಲು. ಕರಪತ್ರದ ಕಥೆಯ ಪ್ರಕಾರ ನಾಲ್ಕನೆಯದರಲ್ಲೇ ಪಂದ್ಯ ಶುರುವಾಗುವುದು.

ಎರಡನೇ ದಿನ ಮಧ್ಯಾಹ್ನ ಹೋದಾಗ ಪಂಪ್‌ಹೌಸಿನ ಗೋಡೆಯ ನೆರಳಲ್ಲಿ ಕಳೆ ಕೀಳುವವರು ಏಳೆಂಟು ಜನ ಬುತ್ತಿ ಬಿಚ್ಚಿ ಕೂತಿದ್ದರು. ಒಬ್ಬಾತ ಬೀಡಿ ಹಚ್ಚಿದ್ದ. ಒಳಗಿನ ಗಾಟು ಬಾಗಿಲಾಚೆಗೂ ಬರುತ್ತಿತ್ತು.

“ಒಳೀಕೆ ಯಾರ್ನೂ ಬುಟ್ಟಿಲ್ಲ ಕಣವ್ವಾ. ಗ್ವಾಡೆ ನೆಳ್ಳಲ್ಲಿ ಕೂತ್ಕಬ್ಯಾಡಿ ಅಂತ ಎಂಗಂದನು?” ಎಂದ ಶಿವಯ್ಯ.

ಶಿವರತ್ನಮ್ಮ ಮೈದಾನದ ದನಿಯಲ್ಲಿ ಎಲ್ಲರನ್ನೂ ಹೊಲದಾಚೆಯ ಹುಣಸೇಮರಕ್ಕೆ ಓಡಿಸಿದರು. ಒಳಗೆ ಹೋಗಿ ಬಾನಿ ಮುಟ್ಟಿದರು. ಮರಳು ಬೆಚ್ಚಗಿತ್ತು. ಡಬ್ಬಿ ಅದಕ್ಕಿಂತ ಬೆಚ್ಚಗಿತ್ತು, ಅಥವಾ ಅವರಿಗೆ ಹಾಗನ್ನಿಸಿತು. ಇನ್ನು ಒಂದೇ ದಿನ ಎಂದು ಒಂದು ಮನಸ್ಸು ಹೇಳುತ್ತಿತ್ತು. ಅವರು ಮುಚ್ಚಳ ತೆಗೆದರು. ನಡುವೆಲ್ಲ ಜೇನಿನ ಬಣ್ಣದ ಅಂಟು, ಮೇಲೆ ನೊರೆ. ಹೊರಗಿನ ಒಂದು ಸುತ್ತು ಮಾತ್ರ ಸಡಿಲವಾಗಿತ್ತು. ಅದನ್ನು ಗೇಣುದ್ದ ಕತ್ತರಿಸಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಡಬ್ಬಿ ಸಮೇತ ನೀರು ತುಂಬಿದ ಡ್ರಮ್ಮಿಗೆ ಇಳಿಸಿದರು. ಗುಳ್ಳೆಗಳು ಎದ್ದವು. ನಿಲ್ಲುವವರೆಗೂ ಅಂಚು ಹಿಡಿದುಕೊಂಡು ನಿಂತಿದ್ದರು. ಮಗುವನ್ನು ಬಾವಿಗೆ ನೂಕಿದಂತೆ ಅನ್ನಿಸಿತು, ಎದೆ ಹಗುರವಾಗಿದ್ದೂ ನಿಜ. ಹಗುರವಾಗಿದ್ದಕ್ಕೇ ನಾಚಿಕೆಯೂ ಆಯಿತು.

ಮರುದಿನ ಭವ್ಯ ಬಂದಳು. ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ಒಂದು ದಿನ ಕಾದಿದ್ದರೆ ಉಳಿಯುತ್ತಿತ್ತೇ ಎಂದು ಶಿವರತ್ನಮ್ಮ ಕೇಳಿದರು.

“ಸ್ವಲ್ಪ ಉಳಿಯುತ್ತಿತ್ತೋ ಏನೋ. ಪಂಪ್‌ಹೌಸೇ ಹೋಗುತ್ತಿತ್ತೋ ಏನೋ. ನನಗೂ ಗೊತ್ತಿಲ್ಲ ಮೇಡಂ” ಎಂದಳು ಭವ್ಯ. ಸುಳ್ಳು ಸಮಾಧಾನ ಹೇಳದ್ದಕ್ಕೆ ಶಿವರತ್ನಮ್ಮನಿಗೆ ಅವಳ ಮೇಲೆ ಗೌರವ ಬಂತು.

ಕತ್ತರಿಸಿಟ್ಟ ತುಂಡಿನಲ್ಲಿ ಹನ್ನೊಂದು ಚಿತ್ರಗಳಿದ್ದವು. ಭವ್ಯ ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಒಯ್ದು, ಮುಂದಿನ ತಿಂಗಳು ದೊಡ್ಡದು ಮಾಡಿಸಿ ಕಳಿಸಿದಳು. ಹನ್ನೊಂದರಲ್ಲೂ ಒಂದೇ ನೋಟ: ಹೆಂಗಸು ಎಡಗಾಲನ್ನು ಪೆಡಲಿನ ಮೇಲಿಟ್ಟಿದ್ದಾಳೆ, ಬಲಗಾಲು ಇನ್ನೂ ನೆಲದಲ್ಲಿದೆ. ಕೊನೆಯದರಲ್ಲಿ ಹಿಮ್ಮಡಿ ಒಂದು ಕೂದಲಿನಷ್ಟು ಎದ್ದಿದೆ. ರುದ್ರಸ್ವಾಮಿ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿ, ಇವಳು ಸ್ಟಾರ್ಟ್ ತಕ್ಕೊಳ್ಳೋದು ಸರಿ ಇದೆಯಾ ಎಂದು ಹೆಂಡತಿಯನ್ನು ಕೇಳಿದರು.

ಶಿವರತ್ನಮ್ಮ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಭಾರ ಮುಂದಕ್ಕೆ ಬಂದಿಲ್ಲ, ಭುಜ ಬಿಗಿಯಾಗಿದೆ, ನನ್ನ ಹುಡುಗಿಯಾಗಿದ್ದರೆ ತಿದ್ದುತ್ತಿದ್ದೆ ಎಂದರು.